ಪಶ್ಚಿಮದ ಅಂಚು

"ನಿಮ್ಮ ಮಾಡೆಲ್ ಸತ್ತೈತ್ರಿ, ಮೇಡಂ."

ಅವತ್ತಷ್ಟೇ ಕೆಲಸಕ್ಕೆ ಸೇರಿದ್ದ ಮನುಷ್ಯ ನನ್ನ ಕುರ್ಚಿಯ ಹಿಂದೆ ನಿಂತು, ನನ್ನ ಕಂಪ್ಯೂಟರಿನತ್ತ ಬೆರಳು ತೋರಿಸಿ ಹೀಗೆಂದಾಗ ಇಡೀ ಆಫೀಸು ತೆಪ್ಪಗಾಯಿತು. ಇಡೀ ಆಫೀಸು ಎಂದರೆ ದೊಡ್ಡದೇನಲ್ಲ. ಜೆ.ಪಿ. ನಗರದ ಎರಡನೇ ಫೇಸ್‌ನಲ್ಲಿ, ಹಲ್ಲಿನ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಬೆರಳೆಣಿಕೆಯಷ್ಟು ಜನ. ನಮ್ಮ ಬಾಸ್ ದೇವದಾಸ್ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತರು. ರಿಸೆಪ್ಷನ್ನಿನ ವಾರಿಜಾ ಫೋನಿನ ರಿಸೀವರನ್ನು ಎದೆಗೊತ್ತಿಕೊಂಡಳು.

ಕಾರಣವಿಷ್ಟೇ. ನನ್ನ ಗಂಡ ವಿಷ್ಣು ಶಟಲ್ ಆಡುತ್ತ ಕೋರ್ಟಿನಲ್ಲೇ ಕುಸಿದುಬಿದ್ದು ಮೂರು ವರ್ಷವಾಗಿತ್ತು. ಅಂದಿನಿಂದ ನನ್ನೆದುರು ಆ ಒಂದು ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. ನಮ್ಮ ಆಫೀಸಿನಲ್ಲಿ ಯುಪಿಎಸ್ ಬ್ಯಾಟರಿ ಕೂಡ ಸಾಯುತ್ತಿರಲಿಲ್ಲ, 'ಡೌನ್' ಆಗುತ್ತಿತ್ತು. ಮನೆಯಲ್ಲಿ ಅಮ್ಮ ಧಾರಾವಾಹಿ ನೋಡುವಾಗ ಯಾರಾದರೂ ಹಾಸಿಗೆ ಹಿಡಿದರೆ ಸಾಕು, ಪಟ್ಟನೆ ಚಾನೆಲ್ ಬದಲಿಸುತ್ತಿದ್ದಳು. ಶರ್ವಾಣಿಗೆ, ಅಂದರೆ ನನಗೆ, ನೋವಾಗಬಾರದು ಎಂದು ಎಲ್ಲರೂ ಹರಸಾಹಸಪಡುತ್ತಿದ್ದರು.

ನೋವೇನೂ ಆಗುತ್ತಿರಲಿಲ್ಲ. ಅದೇ ವಿಷಯ. ವಿಷ್ಣು ಹೋದಾಗ ನಾನು ಅಳಲಿಲ್ಲ. ಬರುತ್ತದೆ, ಬರುತ್ತದೆ ಎಂದು ಕಾದೆ. ಹದಿಮೂರನೇ ದಿನವೂ ಬರಲಿಲ್ಲ, ವರ್ಷಾಂತಿಕಕ್ಕೂ ಬರಲಿಲ್ಲ. ಅಳು ಬಾರದಿದ್ದರೆ ಹೋಗಲಿ, ಅದರ ಜೊತೆಗೆ ನಗು, ಸಿಟ್ಟು, ಹಸಿವು ಎಲ್ಲವೂ ಗಂಟುಮೂಟೆ ಕಟ್ಟಿಕೊಂಡು ಹೋದವು. ಬೆಳಗ್ಗೆ ಏಳುತ್ತಿದ್ದೆ, ತಲೆ ಬಾಚುತ್ತಿದ್ದೆ, ಜಯನಗರ ನಾಲ್ಕನೇ ಟಿ ಬ್ಲಾಕಿನಿಂದ ಸ್ಕೂಟಿಯಲ್ಲಿ ಆಫೀಸಿಗೆ ಬರುತ್ತಿದ್ದೆ, ಕೆಲಸ ಮಾಡುತ್ತಿದ್ದೆ.

"ಸತ್ತಿದೆ ಅಂದ್ರೆ?" ಎಂದು ಕೇಳಿದೆ.

"ಅಲ್ರಿ, ಸಾವಿರ ವರ್ಷ ಓಡ್ಸೀರಿ. ಒಂದ್ ಹನಿ ಅಲುಗಾಡಿಲ್ಲ. ಮೊದಲನೇ ವರ್ಷ ಹೆಂಗ ಕುಂತಿತ್ತೋ ಹಂಗ ಕುಂತೈತಿ."

"ನಿಂಗರಾಜ್, ಸ್ವಲ್ಪ ಒಳಗೆ ಬನ್ನಿ," ಎಂದರು ದೇವದಾಸ್, ದನಿ ತಗ್ಗಿಸಿ.

"ತಡೀರಿ ಸಾರ್, ಇದನ್ನ ಹೇಳಿ ಬರ್ತೀನಿ." ಅವನು ಕುರ್ಚಿಯೊಂದನ್ನು ಎಳೆದುಕೊಂಡು ನನ್ನ ಪಕ್ಕ ಕುಳಿತೇಬಿಟ್ಟ.

ನಮ್ಮ ಕೆಲಸ ಏನೆಂದು ಅಮ್ಮನಿಗೆ ಹೇಳಿದಂತೆಯೇ ನಿಮಗೂ ಹೇಳುತ್ತೇನೆ. ಕಲ್ಲಿದ್ದಲು ಉರಿಸಿ ಕರೆಂಟು ಮಾಡುತ್ತಾರಲ್ಲ, ಅದರ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ, ಒತ್ತಿ ಒತ್ತಿ ದಟ್ಟ ಮಾಡಿ, ಭೂಮಿಯೊಳಗೆ ಒಂದು ಕಿಲೋಮೀಟರಿಗಿಂತ ಆಳಕ್ಕೆ ಇಳಿಸುವ ಯೋಚನೆ. ಅಲ್ಲಿ ಮರಳುಗಲ್ಲಿನ ಸಂದುಗಳಲ್ಲಿ ಉಪ್ಪುನೀರು ತುಂಬಿರುತ್ತದೆ. ಯಾರೂ ಕುಡಿಯಲಾರದ ನೀರು. ಅದರ ಮೇಲೆ ಗಟ್ಟಿ ಬಂಡೆಯೊಂದು ಮುಚ್ಚಳವಾಗಿ ಕೂತಿರುತ್ತದೆ. ಇಳಿಸಿದ ಅನಿಲ ಅಲ್ಲೇ ಇರುತ್ತದೋ, ಮೇಲೆ ಬರುತ್ತದೋ ಎಂದು ಸಾವಿರ ವರ್ಷದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಓಡಿಸಿ ಹೇಳುವುದು ನಮ್ಮ ಕೆಲಸ. ಹೊರದೇಶದ ಒಂದು ವಿದ್ಯುತ್ ಕಂಪನಿ ನಮ್ಮ ಕ್ಲೈಂಟು. "ಸಾವಿರ ವರ್ಷ ಆದ್ಮೇಲೆ ತಪ್ಪಾಗಿದ್ರೆ ಯಾರನ್ನ ಕೇಳ್ತಾರೆ?" ಎಂದು ಅಮ್ಮ ಕೇಳಿದ್ದಳು.

ಆ ಅನಿಲ ಮೊದಲು ಹಗುರ. ಮೇಲೇರಿ ಮುಚ್ಚಳದ ಬಂಡೆಗೆ ಅಂಟಿಕೊಂಡು ನಿಲ್ಲುತ್ತದೆ. ನಿಧಾನವಾಗಿ ಉಪ್ಪುನೀರಿನಲ್ಲಿ ಕರಗುತ್ತದೆ. ಕರಗಿದ ನೀರು ಭಾರವಾಗಿ, ಪಾನಕದ ಲೋಟದಲ್ಲಿ ಬೆಲ್ಲ ಎಳೆ ಎಳೆಯಾಗಿ ಇಳಿಯುವ ಹಾಗೆ ತಳಕ್ಕೆ ಇಳಿಯುತ್ತದೆ. ಇಳಿದರೆ ಕ್ಷೇಮ, ಮತ್ತೆ ಮೇಲೆ ಬರುವುದಿಲ್ಲ. ನನ್ನ ಮಾಡೆಲಿನಲ್ಲಿ ಅದು ಇಳಿಯುತ್ತಿರಲಿಲ್ಲ.

"ಕಲ್ಲಿನ ಸಂದಿಗೆ ಎಲ್ಲಾ ಕಡಿ ಒಂದ ನಂಬರ್ ಕೊಟ್ಟೀರಿ," ಎಂದ ನಿಂಗರಾಜ. "ಬಂಡಿಗಲ್ಲು ಅಂದ್ರ ಹಿಂಗಿರ್ತೈತೇನ್ರಿ? ಇಷ್ಟು ನುಣ್ಣಗ ಇದ್ರ ಎಲ್ಲಿಂದ ಇಳೀಬೇಕಂತ ಆ ನೀರಿಗೆ ಹೆಂಗ ಗೊತ್ತಾಗಬೇಕು? ಎಲ್ಲಾ ಕಡಿ ಸಮ ಇದ್ರ ಯಾವ ಕಡಿನೂ ಇಳಿಯೂದಿಲ್ಲ. ಚೂರು ಏರುಪೇರು ಮಾಡ್ರಿ. ಅಲ್ಲೊಂದ್ ಸ್ವಲ್ಪ ಜಾಸ್ತಿ, ಇಲ್ಲೊಂದ್ ಸ್ವಲ್ಪ ಕಮ್ಮಿ."

"ಎಷ್ಟು?"

"ಉಪ್ಪಿನಕಾಯಿಗೆ ಇಂಗು ಹಾಕಿದಷ್ಟು."

ಅವನು ಹೇಳಿದಂತೆ ಮಾಡಿದೆ. ಮರುದಿನ ಬಂದು ನೋಡಿದರೆ ಪರದೆಯ ಮೇಲೆ ನೀಲಿ ಬಣ್ಣ ಬೆರಳು ಬೆರಳಾಗಿ ಕೆಳಗೆ ಇಳಿದಿತ್ತು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಗೊತ್ತಾಯಿತೇ ಹೊರತು, ಅನ್ನಿಸಲಿಲ್ಲ. ಹಾಗೆಂದು ಇದನ್ನೆಲ್ಲ ನನ್ನ ಬದುಕಿಗೆ ಹೋಲಿಸಿ ಉಸ್ಸೆನ್ನಬೇಡಿ. ನಾನು ಎಂಜಿನಿಯರು, ನನಗೆ ಅಂಥದ್ದೆಲ್ಲ ಹಿಡಿಸುವುದಿಲ್ಲ.

* * *

ಅದು ಎರಡು ಸಾವಿರದ ಏಳರ ಡಿಸೆಂಬರ್. ನಿಂಗರಾಜನ ಕಾಂಟ್ರಾಕ್ಟು ಮಾರ್ಚ್ ಕೊನೆಯವರೆಗೆ ಇತ್ತು. ಗದಗಿನ ಕಡೆಯವನು, ಗುಜರಾತಿನಲ್ಲಿ ಎಣ್ಣೆ ಬಾವಿಗಳ ಕೆಲಸ ಮಾಡಿ ಬಂದಿದ್ದ. ಬಿ.ಟಿ.ಎಂ. ಎರಡನೇ ಸ್ಟೇಜಿನಲ್ಲಿ ಮಹಡಿ ಮೇಲಿನ ಒಂದು ರೂಮು ಹಿಡಿದಿದ್ದ. ಮದುವೆಯಾಗಿರಲಿಲ್ಲ. ಯಾಕೆಂದು ವಾರಿಜಾ ಕೇಳಿದ್ದಕ್ಕೆ, "ಕನ್ಯಾ ನೋಡಾಕ ಹೋದಲ್ಲೆಲ್ಲಾ ನಾ ಭಾಳ ಮಾತಾಡಿದೆ," ಎಂದಿದ್ದನಂತೆ.

ನಮ್ಮಲ್ಲೊಂದು ಪದ್ಧತಿ ಇದೆ. ಒಬ್ಬರು ಕಟ್ಟಿದ ಮಾಡೆಲನ್ನು ಇನ್ನೊಬ್ಬರು ಮೊದಲಿನಿಂದ ಕೊನೆಯವರೆಗೆ ಪರೀಕ್ಷಿಸಿ ಸಹಿ ಹಾಕಬೇಕು. ಹಾಗಾದ ಮೇಲೇ ಅದು ಕ್ಲೈಂಟಿಗೆ ಹೋಗುವುದು. ವಿಷ್ಣು ಹೋದ ಮೇಲೆ ನನ್ನ ಮಾಡೆಲುಗಳನ್ನು ಯಾರೂ ನೋಡುತ್ತಿರಲಿಲ್ಲ. ಸಹಿ ಮಾತ್ರ ಬೀಳುತ್ತಿತ್ತು. ತಪ್ಪು ಕಂಡರೆ ಅದನ್ನು ನನಗೆ ಹೇಳಬೇಕಾಗುತ್ತದಲ್ಲ, ಹೇಳಿದರೆ ಪಾಪ, ಬೇಜಾರಾದರೆ? ಈ 'ಪಾಪ' ಎಂಬ ಮಾತು ನನ್ನ ಬೆನ್ನ ಹಿಂದೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ತರಕಾರಿ ಅಂಗಡಿಯವನೂ ನನಗೆ ಒಳ್ಳೆಯ ಬೀನ್ಸ್ ಆರಿಸಿ ಕೊಡುತ್ತಿದ್ದ, ಪಾಪ ಎಂದು.

ನಿಂಗರಾಜ ನೋಡುತ್ತಿದ್ದ. ಕನ್ನಡಕವನ್ನು ಹಣೆಗೇರಿಸಿ, ಪೆನ್ಸಿಲ್ ಕಿವಿಗೆ ಸಿಕ್ಕಿಸಿ, ನನ್ನ ಒಂದೊಂದು ಅಂಕಿಯನ್ನೂ ಕೆದಕುತ್ತಿದ್ದ.

"ಇದೇನ್ರಿ, ಉಪ್ಪಿನಂಶ ಇಷ್ಟ ಕಮ್ಮಿ? ಇದು ಸಮುದ್ರಕ್ಕಿಂತ ಉಪ್ಪು ಜಾಸ್ತಿ ಇರೂ ನೀರ್ರಿ. ನೀವು ಕಾವೇರಿ ನೀರು ಹಾಕೀರಿ."

"ಒಂದು ಸೊನ್ನೆ ಬಿಟ್ಟುಹೋಗಿದೆ. ಸರಿ ಮಾಡ್ತೀನಿ."

"ಸರಿ ಮಾಡ್ತೀರಿ ಬಿಡ್ರಿ. ಬಿಟ್ಟಿದ್ಯಾಕ? ನಿನ್ನಿ ಊಟ ಮಾಡಿದ್ರೋ ಇಲ್ಲೋ?"

ನಾನು ತಲೆಯೆತ್ತಿ ಅವನ ಮುಖ ನೋಡಿದೆ. ಅವನೂ ನೋಡಿದ. ಅವನ ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಇದೆ, ನಗುವುದಕ್ಕೆ ಮುಂಚೆ ಅದು ಚೂರು ಮೇಲೇಳುತ್ತದೆ. ಇದನ್ನು ನಾನು ಅವತ್ತು ಗಮನಿಸಿದೆ. ಯಾಕೆ ಗಮನಿಸಿದೆ ಎಂದು ಕೇಳಿಕೊಳ್ಳಲಿಲ್ಲ.

ಊರಿನಿಂದ ಅವನ ತಾಯಿ ರೇಣುಕವ್ವ ಬಸ್ಸಿನಲ್ಲಿ ಕಟ್ಟಿ ಕಳಿಸುತ್ತಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಧ್ಯಾಹ್ನ ನನ್ನ ಟೇಬಲ್ಲಿಗೂ ಬರತೊಡಗಿತು. ಮೊದಲ ದಿನ ತುತ್ತು ಬಾಯಿಗಿಡುವುದನ್ನೇ ಕಾದು ಕೇಳಿದ:

"ಹೆಂಗೈತ್ರಿ?"

"ಖಾರ."

"ಮತ್ತ?"

"ಅಷ್ಟೇ. ಖಾರ."

"ಖಾರ ಹತ್ತಿತಲ್ಲ, ಭೇಷ್ ಆತು. ನಾಳೆ ಎಣ್ಣಿ ಹಾಕ್ಕೊಂಡ್ ತಿನ್ರಿ, ಅದರ ರುಚಿನ ಬ್ಯಾರೆ ಐತಿ."

ವಾರಿಜಾ ನಮ್ಮಿಬ್ಬರನ್ನೂ ನೋಡಿ ತುಟಿ ಕಚ್ಚಿ ನಕ್ಕಳು. ನಾನು ರೊಟ್ಟಿ ಮುರಿದು ತಿಂದೆ. ಅವನು ಒಳ್ಳೆಯವನು, ನನ್ನನ್ನು ಇಷ್ಟಪಡುತ್ತಾನೆ ಎಂದು ಗೊತ್ತಿತ್ತು. ಮಳೆ ಬರುತ್ತಿದೆ ಎಂದು ಕಿಟಕಿಯಲ್ಲಿ ಕಂಡರೂ ನೆನೆಯದೆ ಕೂತಿರುತ್ತೇವಲ್ಲ, ಅಷ್ಟೇ ಗೊತ್ತಿತ್ತು.

* * *

ಫೆಬ್ರವರಿಯಲ್ಲಿ ದೇವದಾಸ್ ತಲಘಟ್ಟಪುರದಲ್ಲಿ ಕೊಂಡಿದ್ದ ಸೈಟಿನಲ್ಲಿ ಬೋರ್‌ವೆಲ್ ಕೊರೆಸಲು ಹೊರಟರು. ಭಾನುವಾರ, ಆಫೀಸಿನವರೆಲ್ಲ ಹೋಗಿದ್ದೆವು. ಉಪ್ಪಿಟ್ಟು, ಕೇಸರಿಬಾತು ಡಬ್ಬಿಗಳಲ್ಲಿ ಬಂದಿತ್ತು.

"ನೆಲದೊಳಗಿನ ನೀರಿನ ಎಕ್ಸ್‌ಪರ್ಟ್‌ಗಳು ನೀವೇ ಅಲ್ವಾ? ಎಲ್ಲಿ ಕೊರೆಸ್ಲಿ ಹೇಳಿ," ಎಂದರು ದೇವದಾಸ್.

"ಒಂದು ಕಿಲೋಮೀಟರ್ ಕೆಳಗಿಂದು ಕೇಳ್ರಿ ಸಾರ್, ಹೇಳ್ತೀವಿ," ಎಂದ ನಿಂಗರಾಜ. "ಇನ್ನೂರು ಅಡಿಯದ್ದು ನಮ್ಮ ಸಿಲೆಬಸ್‌ನಾಗ ಇಲ್ಲ."

ಕೊನೆಗೆ ದೇವದಾಸ್ ಮಡದಿಯ ಒತ್ತಾಯಕ್ಕೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವನು ಬಂದ. ಕಾಯಿ ಎದ್ದುನಿಂತ ಜಾಗದಲ್ಲಿ ಅರಿಶಿನ ಕುಂಕುಮ ಬಿತ್ತು. ಲಾರಿ ನಿಂತಿತು, ಮೆಷಿನ್ ಶುರುವಾಯಿತು. ಅಬ್ಬಬ್ಬಾ ಆ ಸದ್ದು! ಬಿಳಿ ದೂಳು ಬುಸಬುಸ ಎದ್ದು ಎಲ್ಲರ ತಲೆಯ ಮೇಲೆ ಕೂತಿತು. ನಾನು ದೂರದ ಹೊಂಗೆ ಮರದ ಕೆಳಗೆ ನಿಂತೆ. ನಿಂಗರಾಜ ಬಂದು ಪಕ್ಕದಲ್ಲಿ ನಿಂತು ಏನೋ ಹೇಳಿದ.

"ಏನು?" ಎಂದು ಕೂಗಿದೆ.

ಅವನು ಮತ್ತೆ ಹೇಳಿದ. ಕೇಳಿಸಲಿಲ್ಲ. ತಲೆಯಾಡಿಸಿದೆ. ಅವನು ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಉಸಿರೆಳೆದುಕೊಂಡು, ಗಂಟಲು ಹರಿಯುವಂತೆ ಕೂಗಿದ. ಸರಿಯಾಗಿ ಅದೇ ಕ್ಷಣಕ್ಕೆ ಲಾರಿಯವರು ಇನ್ನೊಂದು ರಾಡ್ ಸೇರಿಸಲು ಮೆಷಿನ್ ನಿಲ್ಲಿಸಿದರು.

"ನಿಮ್ಮನ್ನ ಮದುವಿ ಆಗಬೇಕಂತ ಮಾಡೀನ್ರಿ!"

ತಲಘಟ್ಟಪುರಕ್ಕೆಲ್ಲ ಕೇಳಿಸಿತು. ತೆಂಗಿನಕಾಯಿಯವನು ತಿರುಗಿ ನೋಡಿದ. ದೇವದಾಸ್ ಕೈಯಲ್ಲಿದ್ದ ಕೇಸರಿಬಾತಿನ ತಟ್ಟೆ ವಾಲಿತು. ವಾರಿಜಾ, "ಅಯ್ಯೋ ದೇವ್ರೇ," ಎಂದವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ನಿಂಗರಾಜನ ಕಿವಿ ಕೆಂಪಾಗಿ, ಅದರ ಮೇಲೆ ಬಿಳಿ ದೂಳು ಕೂತಿತ್ತು.

ಬೇರೆ ಹೆಂಗಸಾಗಿದ್ದರೆ ನಾಚುತ್ತಿದ್ದಳು, ಇಲ್ಲವೇ ಉಗಿದು ಹೋಗುತ್ತಿದ್ದಳು. ನನಗೆ ಕಣ್ಣೊಳಗೆ ಹೋಗಿದ್ದ ದೂಳಿನದೇ ಯೋಚನೆ. ಮೆಷಿನ್ ಮತ್ತೆ ಶುರುವಾದ ಮೇಲೆ ರಸ್ತೆಯವರೆಗೆ ನಡೆದು ಹೋದೆವು. ಅಲ್ಲಿ ಹೇಳಿದೆ:

"ನಿಂಗರಾಜ್, ನಿಮಗೆ ಸುಳ್ಳು ಹೇಳಲ್ಲ. ನೀವು ಅಷ್ಟು ಜೋರಾಗಿ ಹೇಳಿದ್ರಿ, ನನಗೆ ಏನೂ ಅನ್ನಿಸ್ಲಿಲ್ಲ. ಖುಷಿನೂ ಇಲ್ಲ, ಬೇಜಾರೂ ಇಲ್ಲ. ಮೂರು ವರ್ಷದಿಂದ ಹೀಗೇ."

"ನನ್ನ ಮ್ಯಾಲೆ ಅಷ್ಟ ಇಲ್ಲೋ, ಯಾವುದರ ಮ್ಯಾಲೂ ಇಲ್ಲೋ?"

"ಯಾವುದರ ಮೇಲೂ ಇಲ್ಲ. ಹೂಂ ಅಂತ ಹೇಳಿಬಿಡಬಹುದು. ಅಮ್ಮನಿಗೆ ಸಂತೋಷ ಆಗುತ್ತೆ. ಆದರೆ ದಿನಾ ಬೆಳಗ್ಗೆ ಎದ್ದು ನನ್ನ ಮುಖ ನೋಡೋರು ನೀವು. ನಿಮಗೆ ಮೋಸ ಆಗುತ್ತೆ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಕನ್ನಡಕವಿಲ್ಲದ ಅವನ ಕಣ್ಣುಗಳು ದಣಿದಂತೆ ಕಂಡವು. "ಮಾರ್ಚ್ ತನಕ ಇಲ್ಲೇ ಇರ್ತೀನ್ರಿ," ಎಂದ. "ಏನಾರ ಅನ್ನಿಸಿದ್ರ ಹೇಳ್ರಿ. ಅನ್ನಿಸದ ಹೂಂ ಅನಬ್ಯಾಡ್ರಿ. ನಾನೂ ಮತ್ತ ಕೇಳೂದಿಲ್ಲ. ಆಮ್ಯಾಲೆ ಗುಜರಾತಿಗೆ ಹೋಗ್ತೀನಿ, ಅಲ್ಲಿ ಕರೀತಾರ."

ಆ ಬೋರ್‌ವೆಲ್‌ನಲ್ಲಿ ನೀರು ಬರಲಿಲ್ಲ.

* * *

ಮಾರ್ಚಿನಲ್ಲಿ ಕ್ಲೈಂಟಿನವರು ಒಂದು ಪ್ರಶ್ನೆ ಕಳಿಸಿದರು. ವರ್ಷಕ್ಕೆ ಇಷ್ಟು ಎಂದುಕೊಂಡಿದ್ದ ಅನಿಲವನ್ನು ಎರಡರಷ್ಟು ಇಳಿಸಿದರೆ ಮುಚ್ಚಳದ ಬಂಡೆ ತಡೆಯುತ್ತದೆಯೇ? ಒತ್ತಡ ಹೆಚ್ಚಾದರೆ ಬಂಡೆ ಬಿರುಕು ಬಿಡುತ್ತದೆ, ಬಿರುಕು ಬಿಟ್ಟರೆ ಒಳಗಿಳಿಸಿದ್ದೆಲ್ಲ ಮೇಲೆ ಬರುತ್ತದೆ. ಮಾಡೆಲ್ ಕಟ್ಟಿದ್ದು ನಾನು. ತಡೆಯುತ್ತದೆ, ಧಾರಾಳವಾಗಿ ಇಳಿಸಿ ಎಂದು ಉತ್ತರ ಬಂತು. ನಿಂಗರಾಜ ಸಹಿ ಹಾಕಿದ. ವರದಿ ಹೋಯಿತು.

ಆ ದಿನಗಳಲ್ಲಿ ಅವನು ನನ್ನ ಹತ್ತಿರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದ. ರೊಟ್ಟಿ ಬರುತ್ತಿತ್ತು, ವಾರಿಜಾಳ ಕೈಯಲ್ಲಿ. ನನಗೇನೂ ವ್ಯತ್ಯಾಸವಾಗಲಿಲ್ಲ ಎಂದುಕೊಂಡಿದ್ದೆ.

ವರದಿ ಹೋದ ಮರುವಾರ, ಶುಕ್ರವಾರ ಅವನು ಆಫೀಸಿಗೆ ಬರಲಿಲ್ಲ. ಶನಿವಾರವೂ ಕುರ್ಚಿ ಖಾಲಿ. ಮಧ್ಯಾಹ್ನದ ಹೊತ್ತಿಗೆ ದೇವದಾಸ್ ಕೋಣೆಗೆ ಹೋಗಿ ಕೇಳಿದೆ.

"ಅದೂ... ನಿಂಗರಾಜ್ ಇನ್ನು ಬರಲ್ಲಮ್ಮ. ಕಾಂಟ್ರಾಕ್ಟು ಈಗಲೇ ಮುಗಿಸಿದ್ವಿ."

"ಯಾಕೆ ಸಾರ್?"

"ಬಿಡಿ, ನಿಮಗ್ಯಾಕೆ ಆ ಟೆನ್ಷನ್ನು."

"ಸಾರ್, ಯಾಕೆ?"

ಅವರು ಪೇಪರ್‌ವೆಯ್ಟನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಉರುಳಿಸಿದರು. ಆಮೇಲೆ ಹೇಳಿದರು. ಆ ಮಾಡೆಲಿನಲ್ಲಿ ತಪ್ಪಿತ್ತು. ಕ್ಲೈಂಟಿನ ಭೂಗರ್ಭದ ವರದಿಯಲ್ಲಿ ಪಶ್ಚಿಮದ ಕಡೆ ಬಂಡೆ ಸೀಳಿ ಜಾರಿದೆ, ಅಲ್ಲಿಂದಾಚೆಗೆ ನೀರು ಹೋಗುವುದಿಲ್ಲ ಎಂದು ಬರೆದಿತ್ತು. ಅಂದರೆ ಮಾಡೆಲಿನ ಪಶ್ಚಿಮದ ಅಂಚನ್ನು ಮುಚ್ಚಬೇಕಿತ್ತು. ತೆರೆದೇ ಬಿಡಲಾಗಿತ್ತು. ಹಾಗಾಗಿ ಒಳಗಿನ ಒತ್ತಡವೆಲ್ಲ ಕಾಗದದ ಮೇಲೆ ಆ ಕಡೆಯಿಂದ ಹರಿದು ಹೋಗಿ, ಎಲ್ಲ ಕ್ಷೇಮ ಎಂದು ಲೆಕ್ಕ ಬಂದಿತ್ತು. ನಿಜದಲ್ಲಿ ಅಷ್ಟು ಇಳಿಸಿದರೆ ಬಂಡೆ ಬಿರಿಯುತ್ತದೆ. ಪ್ರೆಸೆಂಟೇಷನ್‌ಗೆ ಚಿತ್ರ ಮಾಡುವಾಗ, ಇಷ್ಟು ತುಂಬಿದರೂ ಒತ್ತಡ ಏರಿಲ್ಲವಲ್ಲ ಎಂದು ನಿಂಗರಾಜನಿಗೆ ಅನುಮಾನ ಬಂತಂತೆ. ಗುರುವಾರ ಕ್ಲೈಂಟಿನ ಕಾಲ್‌ನಲ್ಲಿ, 'ಅಂಚು ಹಾಕಿದ್ದು ನಾನೇ, ತಪ್ಪು ನನ್ನದು' ಎಂದು ಅವನು ಹೇಳಿಬಿಟ್ಟನಂತೆ. ಅವರು ರೇಗಾಡಿ, ಈ ಮನುಷ್ಯ ನಮ್ಮ ಕೆಲಸದಲ್ಲಿ ಬೇಡ ಎಂದರಂತೆ.

"ಅಂಚು ಹಾಕಿದ್ದು ನಾನು," ಎಂದೆ.

"ಗೊತ್ತಮ್ಮ. ಶರ್ವಾಣಿಯವರಿಗೆ ಹೇಳಬೇಡಿ ಸಾರ್, ಪಾಪ, ತಡ್ಕೊಳ್ಳಲ್ಲ ಅಂತ ನಿಂಗರಾಜೇ ಹೇಳಿದ್ರು. ನನಗೂ ಅದೇ ಸರಿ ಅನ್ನಿಸ್ತು."

ಪಾಪ.

ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಕುತ್ತಿಗೆ. ಜ್ವರ ಬಂತೇನೋ ಎಂದುಕೊಂಡೆ, ಆಣೆ ಮಾಡಿ ಹೇಳುತ್ತೇನೆ, ಅದೇನೆಂದು ಗುರುತು ಸಿಗಲಿಲ್ಲ ನನಗೆ. ವಾರಿಜಾಳ ಹತ್ತಿರ ಅವನ ರೂಮಿನ ವಿಳಾಸ ತೆಗೆದುಕೊಂಡು ಸ್ಕೂಟಿ ಹತ್ತಿದೆ. ಜಯದೇವದ ಹತ್ತಿರ ಒಬ್ಬ ಆಟೋದವನು ಅಡ್ಡ ಬಂದ. "ಕಣ್ಣು ಕಾಣಲ್ವೇನ್ರಿ!" ಎಂದು ನಾನು ಕಿರುಚಿದ ಸದ್ದಿಗೆ ಅವನು, "ಸಾರಿ ಅಕ್ಕ, ಸಾರಿ," ಎಂದು ಪಕ್ಕಕ್ಕೆ ಸರಿದ. ಆಗ ಗೊತ್ತಾಯಿತು. ನನಗೆ ಸಿಟ್ಟು ಬಂದಿತ್ತು.

* * *

ಅವನ ರೂಮಿನ ಮುಂದಿನ ಟೆರೇಸಿನಲ್ಲಿ ಮನೆಯ ಓನರ್ ಸಿದ್ದಗಂಗಮ್ಮ ಹಳೇ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದರು. ತುಮಕೂರು ಕಡೆಯ ಹಿರಿಯ ಜೀವ. ನಿಂಗರಾಜ ಒಳಗೆ ರಟ್ಟಿನ ಡಬ್ಬಕ್ಕೆ ಪುಸ್ತಕ ತುಂಬುತ್ತಿದ್ದ. ನನ್ನನ್ನು ನೋಡಿ ಎದ್ದು ಬಂದ.

"ಬರ್ರಿ, ಬರ್ರಿ. ಬಿಸಲಾಗ ಬಂದೀರಿ, ನೀರು..."

"ನೀರು ಬೇಡ! ಯಾರ್ರೀ ನೀವು?"

"ಏನ್ರಿ?"

"ನನ್ನ ತಪ್ಪನ್ನ ನಿಮ್ಮದು ಅಂತ ಹೇಳೋಕೆ ನೀವ್ಯಾರು? ನಿಮಗೆ ಆ ಹಕ್ಕು ಕೊಟ್ಟೋರ್ಯಾರು?"

"ಸಹಿ ನಂದ ಐತ್ರಿ ಅದರ ಮ್ಯಾಲೆ. ನೋಡದ ಹಾಕಿದೆ. ತಪ್ಪು ನಂದೂ ಹೌದಲ್ಲ."

"ಯಾಕೆ ನೋಡ್ಲಿಲ್ಲ? ಒಂದು ಸೊನ್ನೆ ಬಿಟ್ರೆ ಪ್ರಾಣ ತೆಗೀತಿದ್ದೋರು, ಒಂದಿಡೀ ಅಂಚು ತೆರೆದಿರೋದು ಕಾಣ್ಲಿಲ್ವಾ?"

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. "ತಲಘಟ್ಟಪುರದಾಗ ಹಂಗಾದ ಮ್ಯಾಲೆ ನಿಮ್ಮ ಫೈಲ್ ತೆರ್ಯಾಕ ಮನಸ್ಸಾಗಲಿಲ್ರಿ. ತಪ್ಪು ತೆಗದ್ರ, ಇಲ್ಲ ಅಂದದ್ದಕ್ಕ ಸೇಡು ತೀರ್ಸಾಕತ್ತಾನ ಅಂತ ತಿಳ್ಕೋತೀರಿ ಅನ್ನಿಸ್ತು. ನಿಮಗ ಮತ್ತ ತ್ರಾಸ ಕೊಡೂದು ಬ್ಯಾಡ ಅಂತ..."

"ಪಾಪ ಅಂತ!"

ಅವನು ತಲೆ ತಗ್ಗಿಸಿದ. "ಅಂದೀನ್ರಿ. ಖರೆ."

"ಊರೆಲ್ಲಾ ಅಂತಾರೆ. ಅಮ್ಮ ಅಂತಾಳೆ, ದೇವದಾಸ್ ಅಂತಾರೆ, ಬೀನ್ಸ್ ಮಾರೋನು ಅಂತಾನೆ. ನೀವೊಬ್ರು ಅನ್ನಲ್ಲ ಅಂದ್ಕೊಂಡಿದ್ದೆ! ಮೊದಲನೇ ದಿನ ಎಲ್ಲರ ಮುಂದೆ ಝಾಡಿಸಿದ್ರಲ್ಲ, ಆ ಮನುಷ್ಯ ಎಲ್ಲಿ ಹೋದ? ನನ್ನ ಹತ್ರ ಇರೋದೇ ಅಷ್ಟಿಷ್ಟು ಕೆಲಸ. ಅದರಲ್ಲಿ ತಪ್ಪು ಮಾಡಿದ್ರೆ ಅದೂ ನನ್ನದಲ್ವಾ? ಅದನ್ನೂ ಕಿತ್ಕೊಂಡ್ರೆ ನಾನೇನು ಇಟ್ಕೊಳ್ಳಲಿ? ಎಲ್ಲರೂ ನನ್ನನ್ನ ಹತ್ತಿಯಲ್ಲಿ ಸುತ್ತಿ ಕಪಾಟಲ್ಲಿ ಇಟ್ಟಿದ್ದೀರಿ. ನಾನು ಸತ್ತಿಲ್ಲ ರೀ! ಸತ್ತಿದ್ದು ವಿಷ್ಣು!"

ನನ್ನ ದನಿ ನನಗೇ ಕೇಳಿಸಿತು. ಕೆಳಗೆ ಬೀದಿಯಲ್ಲಿ ಹೂವಿನವಳ ಕೂಗು ನಿಂತಿತು. ಮೂರು ವರ್ಷದಲ್ಲಿ ನಾನು ಆ ಎರಡು ಶಬ್ದಗಳನ್ನು ಒಟ್ಟಿಗೆ ಒಂದು ಸಲವೂ ಹೇಳಿರಲಿಲ್ಲ.

"ವಿಷ್ಣು ಸತ್ತೋದ," ಎಂದೆ ಮತ್ತೆ. ಈ ಸಲ ಮೆಲ್ಲಗೆ. ಬಾಗಿಲ ಮೆಟ್ಟಿಲ ಮೇಲೆ ಕುಳಿತೆ.

ಅಳು ಬಂತು. ಚೆಂದದ ಅಳುವಲ್ಲ. ಮೂಗು ಸೋರಿ, ಬಿಕ್ಕಿ, ಉಸಿರು ಸಿಕ್ಕಿಕೊಂಡು, ಮಗುವಿನ ಹಾಗೆ ಅತ್ತೆ. ವಿಷ್ಣುವಿನ ಶಟಲ್ ಬ್ಯಾಟು ಇನ್ನೂ ಬೀರುವಿನ ಮೇಲಿದೆ, ನಾನು ಅದನ್ನು ತೆಗೆದೂ ನೋಡಿಲ್ಲ ಎಂದು ಏನೇನೋ ಹೇಳಿಕೊಂಡೆ. ಅವತ್ತು ಆಟಕ್ಕೆ ಹೊರಟಾಗ ಗ್ಯಾಸ್ ಬುಕ್ ಮಾಡಲು ಮರೆತ ಎಂದು ಮುಖ ತಿರುಗಿಸಿ ಕೂತಿದ್ದೆ, ಹೋಗಿ ಬಾ ಎಂದೂ ಅನ್ನಲಿಲ್ಲ, ಅದನ್ನೂ ಹೇಳಿದೆ. ನಿಂಗರಾಜ ಬಗ್ಗಿ ಏನೋ ಅನ್ನಹೋದ.

"ಸುಮ್ನಿರಪ್ಪ ನೀನು," ಎಂದು ಸಿದ್ದಗಂಗಮ್ಮ ಸಂಡಿಗೆ ಹಿಟ್ಟಿನ ಕೈಯನ್ನು ಮೇಲೆತ್ತಿ ಅವನನ್ನು ತಡೆದರು. "ಅಳ್ಲಿ. ನೀನು ಆ ಕಡೆ ಕೂತ್ಕೊ."

ಅವನು ಆ ಕಡೆಗೆ ಕೂತ. 'ಅಳಬೇಡಿ' ಎನ್ನಲಿಲ್ಲ. ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣುಗಳೂ ಒದ್ದೆಯಾಗಿದ್ದವು, ಒರೆಸಿಕೊಳ್ಳಲಿಲ್ಲ. ಕನ್ನಡಕ ಹಣೆಯ ಮೇಲೇ ಇತ್ತು.

ಎಲ್ಲ ಮುಗಿದ ಮೇಲೆ ಮುಖ ತೊಳೆದು ಬಂದು ದೇವದಾಸ್‌ಗೆ ಫೋನ್ ಮಾಡಿದೆ.

"ಸಾರ್, ಸೋಮವಾರ ಕ್ಲೈಂಟ್ ಹತ್ರ ನಾನು ಮಾತಾಡ್ತೀನಿ. ತಪ್ಪು ನನ್ನದು ಅಂತ ಹೇಳ್ತೀನಿ."

"ಬೇಡಮ್ಮ, ಮುಗಿದು ಹೋಯ್ತಲ್ಲ, ನೀವು ರೆಸ್ಟ್..."

"ಸಾರ್, ನನಗೆ ಬೈರಿ."

"ಆಂ?"

"ಇಷ್ಟು ದೊಡ್ಡ ತಪ್ಪು ಮಾಡಿದ್ದೀನಿ. ಬೇರೆಯವರು ಮಾಡಿದ್ರೆ ಏನಂತಿದ್ರಿ? ಅದನ್ನ ಅನ್ನಿ."

ಅವರು ಕೆಮ್ಮಿ ಶುರು ಮಾಡಿದರು. "ಅಲ್ಲಮ್ಮ, ದಪ್ಪಕ್ಷರದಲ್ಲಿ ಬರೆದಿದ್ರಲ್ಲ ಅವರು, ಕಣ್ಣು ಎಲ್ಲಿಟ್ಕೊಂಡಿದ್ರಿ? ಅಂಚು ನೋಡದೆ ಮಾಡೆಲ್ ಕಟ್ಟೋಕೆ ಇದೇನು ಮಕ್ಕಳಾಟಾನಾ? ಕಂಪನಿ ಮಾನ ಹೋಯ್ತು ನನ್ನದು!" ಮೂರು ವರ್ಷದ ಬಾಕಿಯೆಲ್ಲ ಸೇರಿತ್ತೋ ಏನೋ, ಚೆನ್ನಾಗೇ ಬೈದರು. ನಾನು ನಿಂತು ಕೇಳಿದೆ. ನಾಚಿಕೆಯಾಯಿತು, ಭಯವಾಯಿತು. ಎಲ್ಲವೂ ಆಯಿತು. ಕೊನೆಗೆ, "ಸೋಮವಾರ ಇಬ್ರೂ ಬನ್ನಿ. ಇಬ್ರೂ ಕೂತು ಸರಿ ಮಾಡಿ ಕೊಡಿ. ಅವರು ಇಟ್ಕೊಂಡ್ರೆ ಪುಣ್ಯ, ಇಲ್ಲಾಂದ್ರೆ ಇಬ್ರಿಗೂ ಕೆಲಸ ಇಲ್ಲ," ಎಂದು ಫೋನ್ ಇಟ್ಟರು.

ನಿಂಗರಾಜ ಹತ್ತಿರ ಬಂದ. "ಭಾಳ ಬೈದ್ರೇನ್ರಿ?"

"ತುಂಬಾ."

"ಹೆಂಗ ಅನ್ನಿಸ್ತು?"

ನಾನು ಅವನತ್ತ ತಿರುಗಿದೆ. "ನಿಂಗರಾಜ್, ಪ್ರೀತಿ ಅಂದ್ರೆ ಏನನ್ನಿಸಬೇಕೋ ನನಗೆ ಈಗ ನೆನಪಿಲ್ಲ. ಸಿಟ್ಟು ಮಾತ್ರ ಬಂದಿದೆ. ಮೈಯೆಲ್ಲಾ ಉರಿಯೋಂಥ ಸಿಟ್ಟು."

"ನನ್ನ ಮ್ಯಾಲೇನ?"

"ಇನ್ಯಾರ ಮೇಲೆ? ದೇವದಾಸ್ ಪಾಪ ಅಂದ್ರೆ ನನಗೇನೂ ಆಗಲ್ಲ. ನೀವು ಅಂದ್ರಿ ಅಂತ ಆಯ್ತು. ನೀವು ಹೇಳದೆ ಹೊರಟಿದ್ರಿ ಅಂತ ಆಯ್ತು. ಸ್ಕೂಟಿ ಓಡಿಸ್ತಾ, ನೀವು ಆಗಲೇ ಹೊರಟುಹೋಗಿದ್ರೆ ಏನು ಗತಿ ಅಂತ ನನಗೆ ಕೈಕಾಲು ತಣ್ಣಗಾಗಿತ್ತು."

ಅವನ ಕಣ್ಣ ಕೆಳಗಿನ ಮಚ್ಚೆ ಚೂರೇ ಮೇಲೆದ್ದಿತು. ನಗಲಿಲ್ಲ, ತಡೆದುಕೊಂಡ. "ಮತ್ತ ಕೇಳೂದಿಲ್ಲ ಅಂದಿದ್ದೆ ನಾ. ಮಾತು ತಪ್ಪೂದಿಲ್ಲ."

"ಕೇಳಬೇಡಿ. ನಾನೇ ಹೇಳ್ತೀನಿ. ನನ್ನ ಮದುವೆ ಆಗಿ. ಆದ್ರೆ ಇನ್ನೊಂದು ಸಲ ನನ್ನ ಕೆಲಸ ನೋಡದೆ ಸಹಿ ಹಾಕಿದ್ರೆ ಕಾಲು ಮುರೀತೀನಿ."

"ಆತ್ರಿ," ಎಂದ. ಕೈ ಚಾಚಿ ನನ್ನ ಕೆನ್ನೆಯ ಮೇಲೆ ಉಳಿದಿದ್ದ ನೀರನ್ನು ಹೆಬ್ಬೆರಳಿನಿಂದ ಒರೆಸಿದ. ಅವನ ಬೆರಳು ಒರಟಾಗಿತ್ತು, ಬೆಚ್ಚಗಿತ್ತು. ಗೊತ್ತಾಯಿತು ನನಗೆ, ಬೆಚ್ಚಗಿದೆ ಎಂದು.

ಸಿದ್ದಗಂಗಮ್ಮ ಬೇಕೆಂದೇ ಆ ಕಡೆ ತಿರುಗಿ ಸಂಡಿಗೆ ಇಡತೊಡಗಿದರು.

* * *

ಮನೆಗೆ ಬಂದಾಗ ಅಮ್ಮ ನಡುಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದಳು. ನನ್ನ ಮುಖ ನೋಡಿದವಳೇ ಮೊರ ಪಕ್ಕಕ್ಕಿಟ್ಟಳು. ಕಣ್ಣು ಊದಿತ್ತು, ಮೂಗು ಕೆಂಪಾಗಿತ್ತು, ಕೂದಲು ಕೆದರಿತ್ತು.

"ಏನಾಯ್ತೇ?" ಅವಳು ಎದ್ದು ಬಂದಳು. "ಯಾರೇನಂದ್ರು?"

"ಜಗಳ ಆಡಿ ಬಂದೆ, ಅಮ್ಮ."

"ಜಗಳಾನಾ? ನೀನಾ?" ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ಮದುವೆಗೆ ಮುಂಚೆ ಜಗಳಗಂಟಿ ಎಂದೇ ನನಗೆ ಮನೆಯಲ್ಲಿ ಹೆಸರು. "ಜೋರಾಗಿ ಆಡಿದ್ಯಾ?"

"ಬೀದಿಗೆಲ್ಲಾ ಕೇಳಿಸ್ತು."

ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು ತುಂಬಿತು, ತುಟಿ ಮಾತ್ರ ನಗುತ್ತಿತ್ತು.

"ಯಾರ ಜೊತೆ ಆಡಿದ್ಯೇ?"

"ನನ್ನ ಮದುವೆ ಆಗೋನ ಜೊತೆ," ಎಂದೆ. "ಹಸಿವಾಗ್ತಿದೆ, ಏನಾದ್ರೂ ಹಾಕು."